ಅರ್ಜಿದಾರಳ ಸ್ವಂತ ಕೆಲಸ

ಬೆಳಿಗ್ಗೆ ಏಳೂಕಾಲಿಗೆ ಬಂದ ಮೆಸೇಜಿನಲ್ಲಿ ಉಜ್ಮಾ ಮೂರು ಸಲ ಕ್ಷಮೆ ಕೇಳಿದ್ದಳು. ತೊಂದರೆ ಕೊಡುತ್ತಿರುವುದಕ್ಕೆ ಒಂದು ಸಲ, ಇಷ್ಟು ಮುಂಜಾನೆ ಬರೆಯುತ್ತಿರುವುದಕ್ಕೆ ಇನ್ನೊಂದು ಸಲ, ಶಿಫಾರಸು ಪತ್ರ ಹಾಕುವ ಲಿಂಕು ಇವತ್ತು ಸಂಜೆ ಐದಕ್ಕೆ ಮುಚ್ಚುತ್ತದೆ ಎಂದು ತಿಳಿಸಿದ ಮೇಲೆ ಏತಕ್ಕೆಂದು ಗೊತ್ತಾಗದ ಹಾಗೆ ಮತ್ತೊಂದು ಸಲ. ತಿಮೋತಿ ಓದಿ ಫೋನನ್ನು ಟೇಬಲ್ಲಿನ ಮೇಲೆ ಬೋರಲಾಗಿ ಇಟ್ಟ. ಲಿಂಕು ಬಂದು ಎಂಟು ದಿನವಾಗಿತ್ತು. ಎಂಟು ದಿನವೂ ಅದನ್ನು ತೆರೆದಿದ್ದ, ನೋಡಿದ್ದ, ಮುಚ್ಚಿದ್ದ. ಆ ಹುಡುಗಿ ಇಷ್ಟು ಮರ್ಯಾದೆಯಿಂದ ನೆನಪಿಸುವುದಕ್ಕಿಂತ ಎದುರಿಗೆ ನಿಂತು ಜಗಳಾಡಿದ್ದರೆ ಎಷ್ಟೋ ಹಗುರವಾಗುತ್ತಿತ್ತು ಅನ್ನಿಸಿತು. ಹಾಗನ್ನಿಸಿದ್ದಕ್ಕೆ ತನ್ನ ಮೇಲೇ ಸಿಟ್ಟು ಬಂತು.

"ಯಾರದ್ರಿ, ಇಷ್ಟ ಲಗೂ?" ಹೆಂಡತಿ ಜಾಯ್ಸ್ ಒಳಗಿನಿಂದ ಕೇಳಿದಳು. ತಾನು ಕಲಿಸುವ ಶಾಲೆಗೆ ಹೊರಡುವ ಗಡಿಬಿಡಿಯಲ್ಲಿ ಸೀರೆಯ ನೆರಿಗೆ ಹಿಡಿದುಕೊಂಡೇ ಬಾಗಿಲಿಗೆ ಬಂದಿದ್ದಳು.

"ಉಜ್ಮಾಂದು. ಪತ್ರ ಕೇಳಿದ್ಲಲ್ಲಾ."

"ಇನ್ನೂ ಬರದಿಲ್ಲೇನು?"

"ಬರದೇನಿ. ಕಳಿಸೂದಷ್ಟ ಉಳದೈತಿ."

ಅದು ಪೂರ್ತಿ ಸುಳ್ಳಲ್ಲ. ಹತ್ತೊಂಬತ್ತು ವರ್ಷದಿಂದ ಎಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಮಾಡುವವನ ಕಂಪ್ಯೂಟರಿನಲ್ಲಿ ಒಂದು ಪತ್ರ ಯಾವಾಗಲೂ ಬರೆದೇ ಇರುತ್ತದೆ. ಈ ವಿದ್ಯಾರ್ಥಿ ಪ್ರಾಮಾಣಿಕ, ಪರಿಶ್ರಮಿ, ವಿಧೇಯ, ಇವನ ಉಜ್ವಲ ಭವಿಷ್ಯಕ್ಕೆ ನನ್ನ ಹಾರೈಕೆಗಳು. ಹೆಸರು ಬದಲಿಸಿದರೆ ಸಾಕು, ಹುಡುಗಿಯಾದರೆ ಇವನ ಇದ್ದಲ್ಲಿ ಇವಳ. ಉಜ್ಮಾಳ ಪತ್ರವೂ ಹಾಗೇ ತಯಾರಾಗಿ ಕೂತಿತ್ತು. ಆದರೆ ಲಿಂಕಿನಲ್ಲಿ ಪತ್ರ ಹಾಕುವ ಜಾಗದ ಕೆಳಗೆ ಒಂದು ಖಾಲಿ ಚೌಕವೂ ಇತ್ತು. 'ಅರ್ಜಿದಾರರು ಯಾರ ಸಹಾಯವಿಲ್ಲದೆ ಸ್ವಂತವಾಗಿ ಮಾಡಿದ ಕೆಲಸ ಯಾವುದು? ನೀವು ಕಣ್ಣಾರೆ ಕಂಡದ್ದನ್ನು ಬರೆಯಿರಿ.' ಎಂಟು ದಿನವೂ ಅವನ ಬೆರಳು ನಿಂತದ್ದು ಅಲ್ಲಿ.

ಸಪ್ತಾಪುರದಿಂದ ನಡೆದು ಹೋಗಿ ಹುಬ್ಬಳ್ಳಿ ಕಡೆಯ ಚಿಗರಿ ಬಸ್ಸು ಹತ್ತಿ ಕಿಟಕಿಯ ಹತ್ತಿರ ಕೂತ. ಎದುರಿನ ಸೀಟಿನಲ್ಲಿ ಇಬ್ಬರು ಹುಡುಗಿಯರು ಒಂದೇ ಪುಸ್ತಕ ಹಂಚಿಕೊಂಡು ಏನನ್ನೋ ಬಾಯಿಪಾಠ ಮಾಡುತ್ತಿದ್ದರು. ಉಜ್ಮಾ ಹೀಗೆ ಬಾಯಿಪಾಠ ಮಾಡಿದ್ದನ್ನು ಅವನು ನೋಡಿರಲಿಲ್ಲ. ಅಂಕಗಳಲ್ಲಿ ಆಕೆ ಎಲ್ಲರ ನಡುವಿನವಳು. ಊರ ಹೊರಗಿನ ಬೇಲೂರು ಕೈಗಾರಿಕಾ ಪ್ರದೇಶದ ಫೌಂಡ್ರಿಗೆ ಕೊನೆಯ ವರ್ಷದ ಹುಡುಗರನ್ನು ಕರೆದುಕೊಂಡು ಹೋಗಿದ್ದ ದಿನ, ಉಳಿದವರೆಲ್ಲ ಕರಗಿದ ಕಬ್ಬಿಣ ಸುರಿಯುವುದನ್ನು ಫೋನಿನಲ್ಲಿ ಹಿಡಿಯುತ್ತಿದ್ದರೆ ಆಕೆ ಹಿಂದೆ ಉಳಿದು, ರಾಶಿ ಹಾಕಿದ್ದ ಪಂಪಿನ ಚಕ್ರಗಳ ಮುಂದೆ ಕುಕ್ಕುರುಗಾಲಲ್ಲಿ ಕೂತು ಒಂದೊಂದಕ್ಕೂ ನಟ್ಟು ತಿರುಗಿಸುವ ಪಾನಾದಿಂದ ಬಡಿದು ಕಿವಿಗೊಟ್ಟು ಕೇಳುತ್ತಿದ್ದಳು. "ಏನ್ ಮಾಡಾಕತ್ತೀ?" ಎಂದದ್ದಕ್ಕೆ ಗಾಬರಿಯಾಗಿ ಎದ್ದು, "ಸರ್, ಇದು ಒಡದೈತ್ರಿ" ಅಂದಿದ್ದಳು. ನೋಡಲಿಕ್ಕೆ ಏನೂ ಆಗಿರಲಿಲ್ಲ. ಅವನು ನಕ್ಕಿದ್ದ. ಹಳೇ ಹುಬ್ಬಳ್ಳಿಯ ಒಂದು ಓಣಿಯಲ್ಲಿ ಅವಳ ತಂದೆ ಮುಷರಫನದು ಕಪ್ಪು-ಬಶಿಯ ಅಂಗಡಿ. ಗಿರಾಕಿಗಳು ಕಪ್ಪನ್ನು ಬೆರಳ ಉಗುರಿನಿಂದ ಬಡಿದು ನೋಡದೆ ಕೊಳ್ಳುವುದಿಲ್ಲವಂತೆ. ಒಡಕು ಕಪ್ಪಿನ ದನಿಯೇ ಬೇರೆಯಂತೆ. ಫೌಂಡ್ರಿಯವರು ಆ ಚಕ್ರವನ್ನು ಕೊಯ್ದು ನೋಡಿದಾಗ ಒಳಗೆ ಕೂದಲೆಳೆಯಂಥ ಬಿರುಕು ಇತ್ತು. ಅವನಿಗೆ ಆಗ ಆದದ್ದು ಸಂತೋಷವೇ. ಅದನ್ನು ಈಗ ಯಾರೂ ನಂಬಲಿಕ್ಕಿಲ್ಲ, ಆದರೆ ಖರೇ ಸಂತೋಷ. ಮನೆಗೆ ಬಂದು ಜಾಯ್ಸಳಿಗೆ ಹೇಳಿ, ಅಡಿಗೆಮನೆಯ ಕಪ್ಪುಗಳನ್ನೆಲ್ಲ ಸಾಲಾಗಿ ಇಟ್ಟು ಇಬ್ಬರೂ ಬಡಿದು ನೋಡಿದ್ದರು.

ಆಮೇಲೆ ಏಳು ತಿಂಗಳು ಉಜ್ಮಾ ಆ ಫೌಂಡ್ರಿಗೆ ಬಸ್ಸು ಬದಲಿಸಿ ಬದಲಿಸಿ ಹೋಗಿ ನಾನೂರು ಚಕ್ರಗಳ ದನಿಯನ್ನು ಫೋನಿನಲ್ಲಿ ಹಿಡಿದುಕೊಂಡು ಬಂದಳು. ಯಾವ ದನಿಗೆ ಯಾವ ಬಿರುಕು ಎಂದು ಲೆಕ್ಕ ಹಾಕುವ ದಾರಿಯನ್ನು ಆಕೆಯೇ ಕಂಡುಕೊಂಡಳು. ಅವನು ಮಾಡಿದ್ದು ಅವಳ ಇಂಗ್ಲಿಷ್ ತಿದ್ದಿದ್ದು, ಎರಡು ನಕ್ಷೆಗಳನ್ನು ಸುಂದರ ಮಾಡಿದ್ದು. ಅದನ್ನೆಲ್ಲ ಬರೆದ ಪ್ರಬಂಧ ಸಂಶೋಧನಾ ಪತ್ರಿಕೆಗೆ ಹೋಗುವ ಹೊತ್ತಿಗೆ ವಿಭಾಗದ ಮುಖ್ಯಸ್ಥ ಕುಬೇರಪ್ಪ, "ಬಿ.ಇ. ಹುಡುಗಿ ಹೆಸರಿದ್ರ ಹಗುರಾಗಿ ನೋಡ್ತಾರ್ರಿ. ನಿಮ್ಮದ ಮೊದಲ ಇರಲಿ, ನಂದು ಎರಡನೇದು" ಅಂದರು. ತಿಮೋತಿ ಬೇಡ ಅನ್ನಲಿಲ್ಲ. ಹೌದು ಅಂತಲೂ ಅನ್ನಲಿಲ್ಲ, ಸುಮ್ಮನೆ ಹೆಸರುಗಳನ್ನು ಟೈಪು ಮಾಡಿದ. ಉಜ್ಮಾಳ ಹೆಸರು ಕೊನೆಯ ಪುಟದಲ್ಲಿ, ಪ್ರಯೋಗಾಲಯದ ಸಹಾಯಕ್ಕಾಗಿ ಧನ್ಯವಾದ ಹೇಳುವ ಸಾಲಿನಲ್ಲಿ ಬಂತು. ಅಚ್ಚಾದ ದಿನ ಆಕೆ ಆ ಸಾಲಿನ ಫೋಟೋ ತೆಗೆದು ಒಯ್ದು ತಂದೆಗೆ ತೋರಿಸಿದ್ದಳು. ಮುಷರಫ ಓಣಿಯ ಅಂಗಡಿಯವರಿಗೆಲ್ಲ ತೋರಿಸಿದನಂತೆ. "ಅಬ್ಬಾಗ ಭಾಳ ಖುಷಿ ಆತ್ರಿ ಸರ್" ಎಂದು ಆಕೆ ಹೇಳಿದಾಗ ತಿಮೋತಿ ಸೀಮೆಸುಣ್ಣದ ಕೈಯನ್ನು ಎಷ್ಟೋ ಹೊತ್ತು ಒರೆಸಿಕೊಳ್ಳುತ್ತ ನಿಂತಿದ್ದ.

ಅದಾಗಿ ಎರಡು ವರ್ಷ. ಆಕೆ ಈಗ ಅದೇ ಫೌಂಡ್ರಿಯಲ್ಲಿ ಕೆಲಸಕ್ಕಿದ್ದಳು. ಮುಂದೆ ಓದಬೇಕೆಂಬ ಆಸೆ ಬಿಟ್ಟಿರಲಿಲ್ಲ. ಗೇಟ್ ಪ್ರವೇಶ ಪರೀಕ್ಷೆಯಲ್ಲಿ ಸ್ವಲ್ಪದರಲ್ಲಿ ತಪ್ಪಿದ್ದರಿಂದ ಸರಕಾರದ ಶಿಷ್ಯವೇತನ ಸಿಗುವಂತಿರಲಿಲ್ಲ. ಯಾರಾದರೂ ಪ್ರಾಧ್ಯಾಪಕರು ತಮ್ಮ ಯೋಜನೆಯಲ್ಲಿ ಸಂಶೋಧನಾ ಸಹಾಯಕಿಯಾಗಿ ತೆಗೆದುಕೊಂಡರೆ ಮಾತ್ರ ಆ ವೇತನದ ಮೇಲೆ ಓದಬಹುದಿತ್ತು. ಅಂಥವರನ್ನು ಹುಡುಕಿ ಮೂವತ್ತೊಂದು ಜನಕ್ಕೆ ಬರೆದಿದ್ದಳು. ನಾಲ್ಕು ಜನ ಉತ್ತರಿಸಿದರು. ಮೂವರದು, ಈ ವರ್ಷ ಜಾಗವಿಲ್ಲ. ನಾಲ್ಕನೆಯವರು ಚೆನ್ನೈಯ ದೊಡ್ಡ ಸಂಸ್ಥೆಯೊಂದರ ಡಾಕ್ಟರ್ ಲಕ್ಷ್ಮೀ. ಲೋಹದ ಬಿರುಕುಗಳ ಮೇಲೆಯೇ ಕೆಲಸ ಮಾಡುವವರು. ಒಂದೇ ಹುದ್ದೆ ಇತ್ತು, ಉಜ್ಮಾಳ ಹೆಸರು ಕೊನೆಯ ಮೂವರಲ್ಲಿ ಉಳಿದಿತ್ತು. ಚೌಕದಲ್ಲಿ ನಿಜ ಬರೆದರೆ ಅಚ್ಚಾದ ಪ್ರಬಂಧ ಸುಳ್ಳಾಗುತ್ತದೆ. ಆ ಪ್ರಬಂಧ ತಿಮೋತಿಯ ಬಡ್ತಿಯ ಕಡತದಲ್ಲಿ ಎಲ್ಲಕ್ಕಿಂತ ಮೇಲಿತ್ತು, ಬಡ್ತಿಯ ಸಂದರ್ಶನ ಮುಂದಿನ ತಿಂಗಳು. ನಿಜ ಬರೆಯದಿದ್ದರೆ ಏನೂ ಆಗುವುದಿಲ್ಲ. ಅವಳಿಗೆ ಹುದ್ದೆ ಸಿಗಲಿಕ್ಕಿಲ್ಲ, ಅಷ್ಟೆ. ಎಷ್ಟೋ ಜನಕ್ಕೆ ಸಿಗುವುದಿಲ್ಲ. ತನಗೂ ಸಿಕ್ಕಿರಲಿಲ್ಲ.

ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಅವನೂ ಇಂಥ ಸಹಾಯಕ ಹುದ್ದೆಗಾಗಿ ಊರೂರಿನ ಕಾಲೇಜುಗಳಿಗೆ ಅರ್ಜಿ ಹಾಕಿದ್ದ. ಆಗ ಪತ್ರಗಳು ಅಂಟಿಸಿದ ಲಕೋಟೆಯಲ್ಲಿ ಬರುತ್ತಿದ್ದವು, ಅಂಟಿನ ಮೇಲೆ ಗುರುಗಳ ಸಹಿ. ಮೂರು ಪ್ರತಿಗಳಲ್ಲಿ ಒಂದನ್ನು, ತಾಯಿ ಪ್ರಾರ್ಥನೆಗೆ ಹೋಗಿದ್ದಾಗ, ಕುದಿಯುವ ನೀರಿನ ಹಬೆಗೆ ಹಿಡಿದು ಬಿಚ್ಚಿದ್ದ. ಎರಡೇ ವಾಕ್ಯ. 'ನಾನು ಈತನನ್ನು ಎರಡು ವರ್ಷದಿಂದ ಬಲ್ಲೆ. ಈತ ತರಗತಿಗೆ ಸಮಯಕ್ಕೆ ಸರಿಯಾಗಿ ಬರುತ್ತಾನೆ.' ಎರಡು ವರ್ಷ ಆ ಗುರುಗಳ ಪ್ರಯೋಗಾಲಯದ ಕಸ ಗುಡಿಸುವುದೊಂದು ಬಿಟ್ಟು ಉಳಿದದ್ದನ್ನೆಲ್ಲ ಮಾಡಿದ್ದ. ಮುಖ ಹಬೆಗೆ ಒದ್ದೆಯಾಗಿತ್ತು, ಅಳುತ್ತಿದ್ದನೋ ಇಲ್ಲವೋ ಅವನಿಗೇ ಗೊತ್ತಾಗಿರಲಿಲ್ಲ. ಬಸ್ಸಿನಲ್ಲಿ ಪಕ್ಕದವರು ಭುಜ ಮುಟ್ಟಿದಾಗ ಅವನು ಇಳಿಯಬೇಕಾದ ನಿಲ್ದಾಣ ಒಂದು ಹಿಂದೆ ಹೋಗಿತ್ತು.

ಕುಬೇರಪ್ಪನವರ ಕೋಣೆಗೆ ಹೋಗುವಾಗ ತಾನು ಯಾತಕ್ಕೆ ಹೋಗುತ್ತಿದ್ದೇನೆಂದು ತಿಮೋತಿಗೆ ಸ್ಪಷ್ಟವಿರಲಿಲ್ಲ. ಅಪ್ಪಣೆ ಕೇಳಲಿಕ್ಕೋ, ಅಪ್ಪಣೆ ಸಿಗಲಿಲ್ಲವೆಂದು ಸಮಾಧಾನ ಮಾಡಿಕೊಳ್ಳಲಿಕ್ಕೋ. ಅವರು ಕೆಟ್ಟವರಲ್ಲ. ಜಾಯ್ಸಳ ಆಪರೇಷನ್ ಆದಾಗ ತಿಮೋತಿಯ ಪಾಠಗಳನ್ನೆಲ್ಲ ಹದಿನೈದು ದಿನ ತಾವೇ ಮಾಡಿ ಒಂದು ಮಾತೂ ಆಡದವರು.

"ಬರ್ರಿ ತಿಮೋತಿಯವರ, ಕುಂದರ್ರಿ. ಮುಖ ಯಾಕ ಹಿಂಗ?"

"ಆ ಉಜ್ಮಾಂದು ಪತ್ರ ಇವತ್ತ ಕಳಿಸಬೇಕ್ರಿ ಸರ್. ಅಕಿ ಸ್ವಂತ ಮಾಡಿದ ಕೆಲಸ ಬರೀರಿ ಅಂತಾರ. ನಮ್ಮ ಆ ಪ್ರಬಂಧ..."

ಕುಬೇರಪ್ಪ ಚಾದ ಕಪ್ಪನ್ನು ಅವನತ್ತ ಸರಿಸಿದರು. "ಹುಡುಗಿ ಛಲೋ ಅದಾಳ. ಛಲೋ ಬರೀರಿ. ಆದ್ರ ಭಾಳ ಬರೀಬ್ಯಾಡ್ರಿ."

"ಕೆಲಸ ಅಕೀದ ಐತಲ್ರಿ ಸರ್."

"ಯಾರ ಇಲ್ಲ ಅಂದ್ರು? ನನ್ನ ಎಂ.ಟೆಕ್. ಕೆಲಸಾ ನನ್ನ ಗೈಡ್ ಹೆಸರಿನ್ಯಾಗ ಬಂತು, ನಾ ಸತ್ತೇನೇನು? ಹತ್ತೊಂಬತ್ತು ವರ್ಷ ಆತ್ರಿ ನಿಮಗ ಇದ ಖುರ್ಚಿ ಮ್ಯಾಲ. ಮುಂದಿನ ತಿಂಗಳ ತಪ್ಪಿದ್ರ ಮತ್ತ ಯಾವಾಗೋ." ಅವರ ದನಿಯಲ್ಲಿ ಬೆದರಿಕೆ ಇರಲಿಲ್ಲ, ಕಾಳಜಿ ಇತ್ತು. ಅದೇ ಕಷ್ಟವಾಗಿದ್ದು. ಚಾ ಕುಡಿದು ಹೊರಬಂದಾಗ ಅವನಿಗೆ ಯಾರೋ ಬೆನ್ನು ಸವರಿ ಮಲಗಿಸಿದ ಹಾಗೆ ಮೈ ಸಡಿಲಾಗಿತ್ತು. ಕೂಡಲೇ ತನ್ನ ಕೋಣೆಗೆ ಹೋಗಿ ಲಿಂಕು ತೆರೆದು ಹಳೆಯ ಪತ್ರವನ್ನು ಹಾಕಿದ. ಚೌಕದಲ್ಲಿ ಹೀಗೆ ಬರೆದ: 'ವಿದ್ಯಾರ್ಥಿನಿ ನನ್ನ ಸಂಶೋಧನೆಯಲ್ಲಿ ಶ್ರದ್ಧೆಯಿಂದ ಸಹಾಯ ಮಾಡಿದ್ದಾಳೆ. ಪ್ರಯೋಗಾಲಯಕ್ಕೆ ಸಮಯಕ್ಕೆ ಸರಿಯಾಗಿ ಬರುತ್ತಿದ್ದಳು.' ಬರೆದ ಮೇಲೆ ಆ ಎರಡನೆಯ ವಾಕ್ಯವನ್ನು ನೋಡಿದ. ಯಾರ ಕೈ ಅದನ್ನು ಬರೆಯಿತು? ಅಳಿಸಲೂ ಆಗದೆ ಕಳಿಸಲೂ ಆಗದೆ ಕೂತಿದ್ದಾಗ ಬಾಗಿಲಲ್ಲಿ ಉಜ್ಮಾ ನಿಂತಿದ್ದಳು.

ಫೌಂಡ್ರಿಯಿಂದ ನೇರವಾಗಿ ಬಂದಿದ್ದಳು. ದುಪಟ್ಟಾದ ಅಂಚಿಗೆ ಕರಿ ಮಣ್ಣಿನ ಧೂಳು ಹತ್ತಿತ್ತು. ತಿಮೋತಿ ಕಂಪ್ಯೂಟರಿನ ತೆರೆಯನ್ನು ಸ್ವಲ್ಪ ಗೋಡೆಯ ಕಡೆಗೆ ತಿರುಗಿಸಿದ. ತಿರುಗಿಸಿದ್ದನ್ನು ಆಕೆ ನೋಡಿದಳು, ನೋಡಿ ಕಣ್ಣು ತೆಗೆದಳು.

"ಬಾ. ಕುಂದರ. ಕಳಸಾಕತ್ತೇನಿ, ಇನ್ನ ಟೈಮ್ ಐತಿ."

"ಅದಕ್ಕ ಬಂದಿಲ್ರಿ ಸರ್. ಒಂದ್ ಮಾತು ಹೇಳೂದಿತ್ತು. ಸೋಮವಾರ ಮೇಡಂ ಇಂಟರ್‌ವ್ಯೂ ತಗೊಂಡ್ರು, ಆನ್‌ಲೈನ್." ಆಕೆ ಕೂರಲಿಲ್ಲ. ಖುರ್ಚಿಯ ಬೆನ್ನು ಹಿಡಿದುಕೊಂಡು ನಿಂತಳು. "ಅವರು ನಮ್ಮ ಪ್ರಬಂಧ ಓದ್ಯಾರ್ರಿ. ದನಿಯಿಂದ ಬಿರಕ ಹಿಡಿಯೂದು ಯಾರಿಗೆ ಹೊಳೀತು, ನಿನಗೋ ನಿಮ್ಮ ಸರ್‌ಗೋ ಅಂತ ಕೇಳಿದ್ರು."

"ನೀ ಏನಂದಿ?"

"ಸರ್‌ಗೆ ಅಂದೆ. ನಾ ಬರೇ ಸಹಾಯ ಮಾಡೇನಿ ಅಂದೆ."

ಹೊರಗೆ ವರಾಂಡದಲ್ಲಿ ಯಾರೋ ಸ್ಟೂಲು ಎಳೆದರು. ಆ ಕರಕರ ದನಿ ನಿಲ್ಲುವವರೆಗೆ ಇಬ್ಬರೂ ಕಾಯ್ದರು.

"ಯಾಕ ಹಂಗಂದಿ?"

ಉಜ್ಮಾ ನಗಲು ನೋಡಿದಳು. "ಪ್ರಬಂಧದಾಗ ಹಂಗ ಐತಲ್ರಿ. ನಾ ಬ್ಯಾರೆ ಹೇಳಿದ್ರ ನೀವು ಸುಳ್ಳ ಆಗ್ತಿದ್ರಿ. ಹಾಂಗಾರ ನಿನ್ನ ಸ್ವಂತದ್ದು ಯಾವುದು ಅಂತ ಕೇಳಿದ್ರು ಮೇಡಂ. ನನಗ ಏನೂ ಹೇಳಾಕ ಆಗಲಿಲ್ಲ. ಅದಕ್ಕ, ನೀವು ಪತ್ರದಾಗ ಬ್ಯಾರೆ ಬರದು ಗೀದು ಎರಡೂ ತಾಳೆ ಆಗಲಿಲ್ಲ ಅಂದ್ರ ತೊಂದ್ರಿ ಅಂತ ಹೇಳಿ ಹೋಗಾಕ ಬಂದೆ. ಬರ್ತೇನ್ರಿ, ಎರಡು ತಾಸು ಅಷ್ಟ ರಜಾ ಕೊಟ್ಟಾರ."

ಆಕೆ ಹೋದ ಮೇಲೆ ಎಷ್ಟು ಹೊತ್ತು ಹಾಗೇ ಕೂತಿದ್ದನೋ. ಅವಳಿಗೆ ಗೊತ್ತಿಲ್ಲ, ಆ ಧನ್ಯವಾದದ ಸಾಲಿನಲ್ಲೇ ತೃಪ್ತಳಾಗಿದ್ದಾಳೆ ಎಂದು ಇಷ್ಟು ದಿನ ನಂಬಿದ್ದ. ನಂಬಿಕೊಂಡು ಅದರಲ್ಲೇ ಒಂದು ಬಗೆಯ ನೆಮ್ಮದಿ ಕಂಡಿದ್ದ. ಆಕೆಗೆ ಮೊದಲ ದಿನದಿಂದಲೂ ಗೊತ್ತಿತ್ತು. ಗೊತ್ತಿದ್ದೂ ಫೋಟೋ ತೆಗೆದಳು, ಗೊತ್ತಿದ್ದೂ ತಂದೆಗೆ ತೋರಿಸಿದಳು, ಇರುವ ಒಂದೇ ಒಂದು ಅವಕಾಶದ ಎದುರು ಕೂತು ಅವನ ಮರ್ಯಾದೆಯನ್ನು ತನ್ನ ಖರ್ಚಿನಲ್ಲಿ ಉಳಿಸಿದಳು. ತನ್ನ ಅರ್ಧದಷ್ಟು ಪ್ರಾಯದ ಹುಡುಗಿಯಿಂದ ಹೀಗೆ ಕಾಪಾಡಿಸಿಕೊಂಡದ್ದು ನಾಚಿಕೆಗಿಂತ ಬೇರೆಯದಾಗಿತ್ತು. ಮೈಮೇಲೆ ಬಟ್ಟೆಯಿಲ್ಲದಾಗ ಯಾರೋ ಕಣ್ಣು ಮುಚ್ಚಿಕೊಂಡು ಶಾಲು ಹೊದಿಸಿ ಹೋದಂತೆ. ಗಡಿಯಾರ ಮೂರೂವರೆ ತೋರಿಸುತ್ತಿತ್ತು. ಚೌಕದಲ್ಲಿದ್ದುದನ್ನು ಅಳಿಸಿದ. ಪಂಪಿನ ಚಕ್ರಗಳ ರಾಶಿಯಿಂದ ಶುರುಮಾಡಿ, ತಾನು ನಕ್ಕದ್ದನ್ನೂ ಬಿಡದೆ, ಏಳು ತಿಂಗಳನ್ನು ಕಂಡ ಹಾಗೇ ಬರೆದ. ಕೊನೆಗೆ, 'ಪ್ರಬಂಧದಲ್ಲಿ ನನ್ನ ಹೆಸರು ಮೊದಲಿರುವುದು ತಪ್ಪು. ಆ ತಪ್ಪು ನನ್ನದು' ಎಂದು ಬರೆದು, ಓದಿ ನೋಡಿದರೆ ಧೈರ್ಯ ಹೋದೀತೆಂದು ಓದದೆ ಕಳಿಸಿಬಿಟ್ಟ.

ಕಳಿಸಿದ ಮೇಲೆ ಹೊಳೆಯಿತು, ಪತ್ರ ಒಂದು ಹೇಳುತ್ತದೆ, ಹುಡುಗಿ ಇನ್ನೊಂದು ಹೇಳಿದ್ದಾಳೆ. ಎರಡರಲ್ಲಿ ಸುಳ್ಳಾಗುವವಳು ಅವಳೇ. ಲಿಂಕಿನ ಕೆಳಗೆ ಡಾಕ್ಟರ್ ಲಕ್ಷ್ಮೀ ಅವರ ಕಚೇರಿಯ ನಂಬರು ಇತ್ತು. ಫೋನು ಮಾಡಿದ, ಮೂರನೆಯ ಸಲಕ್ಕೆ ಅವರೇ ಎತ್ತಿಕೊಂಡರು. ಹೆಸರು ಹೇಳಿದ ಕೂಡಲೇ, "ಕನ್ನಡದಲ್ಲೇ ಮಾತಾಡಿ ಸರ್, ನಾನು ತುಮಕೂರಿನವಳು" ಅಂದರು. ಅವನು ಹೇಳಿದ. ಮಾತು ಎಲ್ಲೆಲ್ಲೋ ತೊಡರಿತು, ತರಗತಿಯಲ್ಲಿ ಎಂದೂ ಹಾಗಾಗಿರಲಿಲ್ಲ.

"ಅಂದ್ರೆ ಆ ಹುಡುಗಿ ನನಗೆ ಇಂಟರ್‌ವ್ಯೂನಲ್ಲಿ ಸುಳ್ಳು ಹೇಳಿದ್ದಾಳೆ."

"ಇಲ್ಲ ಮೇಡಂ. ಸುಳ್ಳು ನಂದು. ಅಕಿ ಅದನ್ನ ಮುಚ್ಚಿಟ್ಟಾಳ, ನನ್ನ ಸಲುವಾಗಿ."

ಫ್ಯಾನಿನ ಸದ್ದು ಕೇಳಿಸುತ್ತಿತ್ತು, ಅಲ್ಲಿಯದೋ ಇಲ್ಲಿಯದೋ. "ನೋಡಿ ಸರ್, ನಾನು ಇದನ್ನ ಬರೀ ಫೋನಲ್ಲಿ ಕೇಳಿ ಸುಮ್ಮನಿರೋಕಾಗಲ್ಲ. ನೀವು ಪತ್ರಿಕೆಗೆ ಬರೆದು ಹೆಸರು ಸರಿಪಡಿಸ್ತೀರಾ?"

"ಮಾಡ್ತೇನ್ರಿ."

"ನಿಮಗೆ ತೊಂದರೆ ಆಗುತ್ತೆ."

"ಆಕ್ಕೈತ್ರಿ" ಎಂದ ತಿಮೋತಿ.

ತೊಂದರೆ ಆಯಿತು, ಅವನು ಹೆದರಿದ್ದ ರೀತಿಯಲ್ಲಲ್ಲ. ಯಾರೂ ಕೂಗಾಡಲಿಲ್ಲ. ಆ ಪ್ರಬಂಧವನ್ನು ತೆಗೆದ ಮೇಲೆ ಕಡತ ತೆಳ್ಳಗಾಯಿತು, ಸಂದರ್ಶನದ ಪಟ್ಟಿಯಲ್ಲಿ ಹೆಸರು ಬರಲಿಲ್ಲ. ತಿದ್ದುಪಡಿಗೆ ಕುಬೇರಪ್ಪನವರ ಒಪ್ಪಿಗೆಯೂ ಬೇಕಿತ್ತು. ಒಂದು ವಾರ ಅವರು ಒಪ್ಪಿಗೆಯ ಕಾಗದ ಮುಟ್ಟಲಿಲ್ಲ. ಆಮೇಲೆ ಒಂದು ಮಧ್ಯಾಹ್ನ, "ನನ್ನ ಹೆಸರ ಪೂರಾ ತಗೀರಿ" ಎಂದು ಸಹಿ ಹಾಕಿ ಕೊಟ್ಟರು. ಮುಖ ನೋಡಲಿಲ್ಲ. ಅಂದಿನಿಂದ ಚಾಕ್ಕೆ ಕರೆಯಲಿಲ್ಲ. ಜಾಯ್ಸಳಿಗೆ ಎಲ್ಲ ಹೇಳಿದಾಗ ಅವಳು "ಎರಡು ವರ್ಷ ನನಗ ಹೇಳಿಲ್ಲಲ್ರಿ" ಎಂದಷ್ಟೇ ಅಂದಳು. ಆದರೂ ಫೋನು ಮಾಡಿದ ಮೇಲಿನ ಮೂರು ವಾರ ತಿಮೋತಿಗೆ ಎದೆಯೊಳಗೆ ಗಾಳಿಯಾಡುತ್ತಿತ್ತು. ಬಸ್ಸಿನಲ್ಲಿ, ಸ್ನಾನದಲ್ಲಿ, ಪಾಠದ ನಡುವೆ ಆ ಫೋನಿನ ಮಾತನ್ನು ಮತ್ತೆ ಮತ್ತೆ ನೆನೆಸಿಕೊಳ್ಳುತ್ತಿದ್ದ, ಪ್ರತಿ ಸಲ ತನ್ನ ದನಿ ಇನ್ನಷ್ಟು ಗಟ್ಟಿಯಾಗಿ ಕೇಳಿಸುತ್ತಿತ್ತು. ಉಜ್ಮಾ ಬರುತ್ತಾಳೆ, ಏನು ಹೇಳುತ್ತಾಳೆ, ತಾನು ಹೇಗೆ ಬೇಡ ಬೇಡವೆಂದು ಕೈಯಾಡಿಸುತ್ತೇನೆ ಎಂಬುದನ್ನೂ ಕಲ್ಪಿಸಿಕೊಂಡಿದ್ದ.

ಆಕೆ ಒಂದು ಭಾನುವಾರ ಸಂಜೆ ಮನೆಗೆ ಬಂದಳು. ಹುದ್ದೆ ಸಿಕ್ಕಿತ್ತು. ಮೊದಲು ಒಂದು ವರ್ಷಕ್ಕೆ, ಕೆಲಸ ನೋಡಿ ಮುಂದಕ್ಕೆ. ಜುಲೈಯಲ್ಲಿ ಚೆನ್ನೈಗೆ ಹೋಗಬೇಕು. ಜಾಯ್ಸ್ ಅವಳನ್ನು ಅಪ್ಪಿಕೊಂಡು ಚಾ ಮಾಡಲು ಒಳಗೆ ಹೋದಳು. ತಿಮೋತಿ "ಭಾಳ ಛಲೋ ಆತು" ಅಂದ. ಉಜ್ಮಾ ತಲೆಯಾಡಿಸಿದಳು. ಆಕೆ ಕೈಯಲ್ಲಿದ್ದ ಫೋನನ್ನು ಎರಡೂ ಅಂಗೈಗಳ ನಡುವೆ ಹಿಡಿದುಕೊಂಡು ಕೂತಳು.

"ಒಂದ್ ಮಾತು ಅಂತೇನ್ರಿ ಸರ್. ಸಿಟ್ಟ ಆಗಬ್ಯಾಡ್ರಿ."

"ಹೇಳವಾ."

"ನನ್ನ ಕೇಳಬೇಕಿತ್ರಿ." ದನಿ ನಡುಗಿತು, ನಿಲ್ಲಲಿಲ್ಲ. "ನೀವು ಫೋನ್ ಮಾಡಿದ ಮರುದಿನ ಮೇಡಂ ನನ್ನ ಮತ್ತ ಕರದ್ರು. ಫೌಂಡ್ರಿ ಗದ್ದಲದಾಗ, ಮಷಿನ್ ಹಿಂದ ನಿಂತು ಮಾತಾಡೇನಿ. ಯಾಕ ಸುಳ್ಳ ಹೇಳಿದಿ, ನಾಳಿ ನನ್ನ ಲ್ಯಾಬಿನ್ಯಾಗೂ ಯಾರನ್ನರ ಉಳಸಾಕ ಸುಳ್ಳ ಹೇಳ್ತಿಯೇನು ಅಂತ ಕೇಳಿದ್ರು. ಏನ್ ಹೇಳ್ಲಿರಿ ನಾ? ನನಗ ಏನೂ ಗೊತ್ತಿರಲಿಲ್ಲ. ಒಂದ್ ಮೆಸೇಜ್ ಹಾಕಿದ್ರ ಸಾಕಾಗಿತ್ತು. ಹೆಸರು ತಗದಾಗ ನನ್ನ ಕೇಳಲಿಲ್ಲ. ಹೆಸರು ಹಾಕೂ ಮುಂದಾದ್ರೂ ಕೇಳಬೇಕಿತ್ತಲ್ರಿ ಸರ್."

ನಾನು ನಿನ್ನ ಸಲುವಾಗಿಯೇ, ಎಂಬ ಮಾತು ಬಾಯಿಯ ತುದಿಗೆ ಬಂದಿತ್ತು. ಬಡ್ತಿ ಹೋದದ್ದು, ಕುಬೇರಪ್ಪನವರು ಮುಖ ತಿರುಗಿಸಿದ್ದು ಎಲ್ಲ ಸಾಲಾಗಿ ಬಂದು ನಿಂತವು, ಹೇಳು ಹೇಳು ಎಂದು. ಅವುಗಳಲ್ಲಿ ಒಂದೂ ಸುಳ್ಳಲ್ಲ. ಆದರೆ ಮೂರು ವಾರದಿಂದ ಮತ್ತೆ ಮತ್ತೆ ಹೇಳಿಕೊಂಡ ಆ ಕತೆಯಲ್ಲಿ ಮಷಿನ್ನಿನ ಹಿಂದೆ ಒಂದು ಕಿವಿ ಮುಚ್ಚಿಕೊಂಡು ನಿಂತ ಈ ಹುಡುಗಿ ಎಲ್ಲಿಯೂ ಇರಲಿಲ್ಲ. ಅಳುಕುತ್ತ ಫೋನು ಮಾಡುವವನು, ತಪ್ಪೊಪ್ಪುವವನು, ನಷ್ಟ ಅನುಭವಿಸುವವನು, ಎಲ್ಲ ಅವನೇ. ಪ್ರಬಂಧದಲ್ಲಿ ಮೊದಲ ಹೆಸರು ತನ್ನದು ಮಾಡಿಕೊಂಡವನು ಪಶ್ಚಾತ್ತಾಪದಲ್ಲಿಯೂ ಅದನ್ನೇ ಮಾಡಿದ್ದ. ಅವನಿಗೆ ಅಳು ಬರಲಿಲ್ಲ, ಬಂದಿದ್ದರೆ ಅದನ್ನೂ ನಂಬುತ್ತಿರಲಿಲ್ಲ.

"ತಪ್ಪಾತು" ಎಂದ. "ಎರಡೂ ಸಲ ತಪ್ಪಾತು, ಉಜ್ಮಾ."

ಪರವಾಗಿಲ್ಲ ಸರ್ ಎಂದು ಆಕೆ ಅನ್ನದೆ ಇದ್ದದ್ದನ್ನು ಅವನು ಗಮನಿಸಿದ. ಜಾಯ್ಸ್ ಚಾ ತಂದಿಟ್ಟು, ಇಬ್ಬರ ಮುಖ ನೋಡಿ, ಮತ್ತೆ ಒಳಗೆ ಹೋದಳು.

ಪತ್ರಿಕೆಗೆ ಕಳಿಸಬೇಕಾದ ತಿದ್ದುಪಡಿಯ ಕಾಗದ ಟೇಬಲ್ಲಿನ ಮೇಲೆಯೇ ಇತ್ತು. ತಿಮೋತಿ ಅದನ್ನು ಆಗಲೇ ತುಂಬಿದ್ದ. ಮೊದಲ ಹೆಸರು ಉಜ್ಮಾಳದು, ಎರಡನೆಯದು ತನ್ನದು, ಕೆಳಗೆ ಯಾರು ಏನು ಮಾಡಿದರು ಎಂಬ ವಿವರ, ಎಲ್ಲ ತನ್ನ ಮಾತಿನಲ್ಲಿ. ನಾಳೆ ಬೆಳಿಗ್ಗೆ ಕಳಿಸುವುದಿತ್ತು. ಅದನ್ನು ಮಡಚಿ ಪಕ್ಕಕ್ಕಿಟ್ಟು, ಒಳಗಿನಿಂದ ಅದರದೇ ಖಾಲಿ ಪ್ರತಿಯೊಂದನ್ನು ತಂದು ಅವಳ ಮುಂದೆ ಇಟ್ಟ.

"ಇದನ್ನ ನೀ ತುಂಬಬೇಕು. ಯಾರ ಹೆಸರು ಎಲ್ಲಿ, ಯಾರು ಏನ್ ಮಾಡಿದ್ರು, ಎಲ್ಲಾ. ನಾ ಸಹಿ ಹಾಕ್ತೇನಿ."

ಉಜ್ಮಾ ಚಾ ಕುಡಿಯುತ್ತ ಕಾಗದವನ್ನು ಮೇಲಿನಿಂದ ಕೆಳಗಿನವರೆಗೆ ಓದಿದಳು. ಅವಸರ ಮಾಡಲಿಲ್ಲ. "ಇದನ್ನ ಮನಿಗೆ ಒಯ್ತೇನ್ರಿ" ಅಂದಳು. "ನಿಮ್ಮ ಹೆಸರು ಇರಬೇಕೋ ಬ್ಯಾಡೋ, ಅದನ್ನೂ ವಿಚಾರ ಮಾಡಬೇಕು."

"ಮಾಡು."

"ಲಗೂ ಬೇಕೇನ್ರಿ?"

"ನಿನಗ ಯಾವಾಗ ಆಕ್ಕೈತಿ, ಆವಾಗ."

ಆಕೆ ಕಾಗದವನ್ನು ಚೀಲದಲ್ಲಿ ಪುಸ್ತಕದ ನಡುವೆ ಮಡಿಕೆ ಬೀಳದಂತೆ ಇಟ್ಟುಕೊಂಡು, ಒಳಗೆ ಹೋಗಿ ಜಾಯ್ಸಳಿಗೆ ಹೇಳಿ ಹೊರಟಳು. ತಿಮೋತಿ ಗೇಟಿನವರೆಗೆ ಬಂದ. ಸಪ್ತಾಪುರದ ರಸ್ತೆಯಲ್ಲಿ ಬಾಡಿಗೆ ಕೋಣೆಗಳ ಹುಡುಗರು ಗುಂಪುಗುಂಪಾಗಿ ಊಟಕ್ಕೆ ಹೊರಟಿದ್ದರು. ಅವರ ನಡುವೆ ಆಕೆ ಬಸ್ಸಿನ ದಾರಿಗೆ ತಿರುಗುವವರೆಗೆ ನೋಡುತ್ತ ನಿಂತ. ಒಳಗೆ ಬಂದಾಗ ಜಾಯ್ಸ್ ಕಪ್ಪುಗಳನ್ನು ಎತ್ತುತ್ತಿದ್ದಳು.

"ಏನಂದ್ಲು?"

"ಇನ್ನೂ ಹೇಳಿಲ್ಲ" ಎಂದ. "ವಿಚಾರ ಮಾಡಿ ಹೇಳ್ತಾಳ."